ಏರಿ ಇಲ್ಲದ ಕೆರೆ

ಬಯಲುಸೀಮೆಯಲ್ಲಿ ಬೆಳೆದವರಿಗೆ ‘ಮಂಜು’ ಎಂಬ ಒಂದು ಪದ ಸಾಕು. ಮಾಗಿಯ ಬೆಳಗಿನಲ್ಲಿ ಹೊಲದ ಮೇಲೆ ತೂಗುವುದು ಮಂಜು, ಹುಲ್ಲಿನ ತುದಿಯಲ್ಲಿ ಕೂರುವುದು ಮಂಜು, ಸಿನಿಮಾ ಹಾಡಿನಲ್ಲಿ ನಾಯಕಿ ತೆಳು ಸೀರೆಯಲ್ಲಿ ನಡುಗುತ್ತಾ ಕುಣಿಯುವ ಬಿಳಿ ಬೆಟ್ಟವೂ ಮಂಜೇ. ಹಿಮ ಎಂಬುದು ಪುಸ್ತಕದ ಮಾತು. ಓದಲೆಂದು ಕೊಲೊರಾಡೊಗೆ ಬಂದ ಮೇಲೆ ಇಲ್ಲಿನ ಸ್ಕೀ ಜನರ ಬಾಯಲ್ಲಿ ಎಷ್ಟೊಂದು ಹೆಸರು ಕೇಳಿದೆ! ಹೊಸದಾಗಿ ಬಿದ್ದ ಹಗುರ ಹಿಮ ‘ಪೌಡರ್’, ಮೇಲೆ ಗಟ್ಟಿಯಾಗಿ ಕೆಳಗೆ ಮೆತ್ತಗಿರುವುದು ‘ಕ್ರಸ್ಟ್’, ಮಧ್ಯಾಹ್ನದ ಬಿಸಿಲಿಗೆ ಅಂಬಲಿಯಂತಾಗುವುದು ‘ಸ್ಲಶ್’. ಇವೆಲ್ಲದರ ನಡುವೆ ‘ಕಾರ್ನ್’ ಎಂಬುದೊಂದಿದೆ. ಅದರ ಹೆಸರು ಹೇಳುವಾಗ ಹಳಬರ ದನಿಯೇ ಬದಲಾಗುತ್ತದೆ.

ಕಾರ್ನ್ ಹಿಮ ಆಕಾಶದಿಂದ ಬೀಳುವುದಿಲ್ಲ, ನೆಲದ ಮೇಲೆ ತಯಾರಾಗುತ್ತದೆ. ಏಪ್ರಿಲ್, ಮೇ ತಿಂಗಳ ಬಿಸಿಲಿಗೆ ಹಗಲು ಮೇಲ್ಪದರ ಕರಗುತ್ತದೆ, ರಾತ್ರಿ ಮತ್ತೆ ಹೆಪ್ಪುಗಟ್ಟುತ್ತದೆ. ಹೀಗೆ ಹತ್ತಾರು ಸಲ ಆದಾಗ ಹಿಮದ ಸೂಕ್ಷ್ಮವಾದ ಕವಲುಗಳೆಲ್ಲ ಸವೆದು, ಸಣ್ಣ ಹರಳುಗಳು ದೊಡ್ಡವುಗಳಿಗೆ ಸೇರಿ, ದುಂಡನೆಯ ಕಾಳುಗಳಾಗುತ್ತವೆ. ಇಲ್ಲಿಯವರಿಗೆ ಅದು ಜೋಳದ ಕಾಳಿನಂತೆ ಕಂಡಿತು. ಕೈಯಲ್ಲಿ ಹಿಡಿದು ನೋಡಿದ ನನಗೆ ನೆನೆಸಿಟ್ಟ ಸಬ್ಬಕ್ಕಿ ನೆನಪಾಯಿತು. ಬೆಳಗಿನ ಹೊತ್ತು ಈ ಕಾಳುಗಳು ಒಂದಕ್ಕೊಂದು ಅಂಟಿ ಕಲ್ಲಿನಂತಿರುತ್ತವೆ. ಬಿಸಿಲೇರಿದಂತೆ ಮೇಲಿನ ಒಂದೆರಡು ಅಂಗುಲ ಬಿಡಿಬಿಡಿಯಾಗುತ್ತದೆ. ಇನ್ನಷ್ಟು ಏರಿದರೆ ಕೆಸರು. ನಡುವಿನ ಒಂದೆರಡು ಗಂಟೆಯೇ ವಸಂತದ ಸ್ಕೀಯಿಂಗ್.

ನನ್ನ ಮೂರನೇ ವಸಂತದಲ್ಲಿ, ಮೇ ತಿಂಗಳ ಒಂದು ಶನಿವಾರ, ಆ ಗಂಟೆಗಳಿಗಾಗಿ ಅರಾಪಹೋ ಬೇಸಿನ್‌ಗೆ ಹೋಗಿದ್ದೆವು. ಡೆನ್ವರ್‌ನಿಂದ ಪಶ್ಚಿಮಕ್ಕೆ ಸುಮಾರು ನೂರು ಕಿಲೋಮೀಟರ್, ಲವ್‌ಲ್ಯಾಂಡ್ ಕಣಿವೆದಾರಿಯ ಆಚೆ ಇದೆ. ಎರಡನೇ ಮಹಾಯುದ್ಧ ಮುಗಿದು 1946ರಲ್ಲಿ ಶುರುವಾದ ಜಾಗ. ಸ್ಥಾಪಕರಲ್ಲಿ ಅಮೆರಿಕದ ಪರ್ವತ ದಳದಿಂದ ಮರಳಿದವರೂ ಇದ್ದರು. ಕಾರು ನಿಲ್ಲಿಸುವ ಜಾಗವೇ 10,780 ಅಡಿ ಎತ್ತರದಲ್ಲಿದೆ. ಅಂದರೆ ನಮ್ಮ ಮುಳ್ಳಯ್ಯನಗಿರಿಯ ತುದಿಗಿಂತ ಸಾವಿರದ ಮುನ್ನೂರು ಮೀಟರಿಗೂ ಹೆಚ್ಚು ಮೇಲೆ. ಶಿಖರ 13,050 ಅಡಿ. ಈ ಎತ್ತರದಿಂದಾಗಿಯೇ ಉಳಿದ ರೆಸಾರ್ಟುಗಳು ಏಪ್ರಿಲ್‌ನಲ್ಲಿ ಬಾಗಿಲು ಹಾಕಿದರೂ ಇದು ಸಾಮಾನ್ಯವಾಗಿ ಜೂನ್‌ವರೆಗೂ ತೆರೆದಿರುತ್ತದೆ. 1995ರಲ್ಲಿ ಆಗಸ್ಟ್ 10ರವರೆಗೂ ಇಲ್ಲಿ ಜನ ಸ್ಕೀ ಮಾಡಿದ್ದರು.

ಜೊತೆಗಿದ್ದದ್ದು ನಮ್ಮ ಲ್ಯಾಬಿನ ಹಿರಿಯ ಗೆಳತಿ. ಬೆಟ್ಟದ ಊರಲ್ಲೇ ಹುಟ್ಟಿ, ನಡೆಯಲು ಕಲಿತ ಮರುವರ್ಷವೇ ಸ್ಕೀ ಹಲಗೆ ಕಟ್ಟಿಕೊಂಡವಳು. ಒಂಬತ್ತು ಗಂಟೆಗೆ ಲಿಫ್ಟಿನ ಕುರ್ಚಿಯಲ್ಲಿ ಕೂತು ಮೇಲೆ ಹೋದಾಗ ಇಳಿಜಾರು ಕನ್ನಡಿಯಂತೆ ಹೊಳೆಯುತ್ತಿತ್ತು. ನಾನು ಹೊರಡಲು ಅಣಿಯಾದರೆ ಅವಳು ಕೋಲಿನ ಮೊನೆಯಿಂದ ನೆಲ ಚುಚ್ಚಿ ನೋಡಿ, ‘ಇನ್ನೂ ಇಲ್ಲ’ ಎಂದು ಕೂತೇಬಿಟ್ಟಳು. ಫ್ಲಾಸ್ಕಿನಿಂದ ಕಾಫಿ ಬಗ್ಗಿಸಿದಳು. ಇಪ್ಪತ್ತು ನಿಮಿಷದ ಮೇಲೆ ಮತ್ತೆ ಚುಚ್ಚಿದಳು. ಮತ್ತೆ ಇಲ್ಲ. ಅನ್ನ ಬೆಂದಿದೆಯೇ ಎಂದು ಒಂದು ಅಗುಳು ಹಿಸುಕಿ ನೋಡುವವರ ಗಾಂಭೀರ್ಯ ಅವಳ ಮುಖದಲ್ಲಿತ್ತು. ದೂರದಿಂದ ಯಾರೋ ಇಳಿಯುವ ಸದ್ದು ಬರುತ್ತಿತ್ತು, ತಗಡಿನ ಮೇಲೆ ಮೊಳೆ ಎಳೆದಂತೆ. ಅವಳು ತಲೆಯಾಡಿಸಿದಳು: ‘ಅವರಿಗೆ ಅವಸರ.’

ಹತ್ತೂವರೆಯ ಹೊತ್ತಿಗೆ ಕೋಲಿನ ಮೊನೆ ಒಂದಂಗುಲ ಒಳಗೆ ಹೋಯಿತು. ಮಾತಾಡದೆ ಎದ್ದಳು. ಬಿಸಿಲು ಮೊದಲು ಬಿದ್ದ ಇಳಿಜಾರನ್ನು ಮೊದಲು ಹಿಡಿದೆವು, ಆಮೇಲೆ ಅದರ ಪಕ್ಕದ್ದು, ಆಮೇಲೆ ನೆರಳು ಆಗಷ್ಟೇ ಸರಿದದ್ದು. ಸೂರ್ಯನ ಹಿಂದೆಯೇ ಬೆಟ್ಟ ಸುತ್ತುವ ಕೆಲಸ ಅದು. ಹೊಸ ಹಿಮದ ಮೇಲೆ ನನಗೆ ಯಾವಾಗಲೂ ಮುಳುಗುವ ಭಯ, ಗಟ್ಟಿ ಹಿಮದ ಮೇಲೆ ಜಾರುವ ಭಯ. ಆ ದಿನ ಎರಡೂ ಇರಲಿಲ್ಲ. ಹಲಗೆ ತಿರುಗಿಸಿದರೆ ಹಿಮ ಒಪ್ಪಿಕೊಂಡು ಸ್ವಲ್ಪ ಸರಿದು ದಾರಿ ಕೊಡುತ್ತಿತ್ತು, ಹಿಂದೆ ಕಾಳುಗಳು ಸರ್‌ರನೆ ಉರುಳುವ ಸದ್ದು. ಮುಖಕ್ಕೆ ತಂಗಾಳಿ, ಬೆನ್ನಿಗೆ ಬಿಸಿಲು. ಆರು ಸಲ ಇಳಿದೆವು. ಇಷ್ಟು ಬೆಟ್ಟ ನನ್ನಂಥ ತಡವಾಗಿ ಕಲಿತವರಿಗೂ ಬಿಟ್ಟುಕೊಡುತ್ತದಲ್ಲ ಎಂದು ಖುಷಿಯಾಯಿತು.

ನನ್ನ ಸಂಶೋಧನೆ ಇದೇ ಹಿಮದ ಬಗ್ಗೆ, ಆದರೆ ಅಲ್ಲಿ ಅದಕ್ಕೆ ಬೇರೆ ಹೆಸರು: ನೀರು. ಅಮೆರಿಕದ ಪಶ್ಚಿಮದ ಬೆಟ್ಟಗಳಲ್ಲಿ ಸ್ನೋಟೆಲ್ ಎಂಬ ನೂರಾರು ಸ್ವಯಂಚಾಲಿತ ಕೇಂದ್ರಗಳಿವೆ. ಅನೇಕ ಕಡೆ ನೆಲದ ಮೇಲೆ ದ್ರವ ತುಂಬಿದ ದೊಡ್ಡ ದಿಂಬು ಹಾಸಿರುತ್ತಾರೆ; ಮೇಲೆ ಬಿದ್ದ ಹಿಮದ ಭಾರವನ್ನು ಅದು ಅಳೆಯುತ್ತದೆ. ಹಿಮ ಎಷ್ಟು ಎತ್ತರ ಎನ್ನುವುದಕ್ಕಿಂತ ಅದರಲ್ಲಿ ಎಷ್ಟು ನೀರಿದೆ ಎನ್ನುವುದು ಮುಖ್ಯ. ಹೊಸ ಹಿಮ ಹತ್ತು ಸೆಂಟಿಮೀಟರ್ ಕರಗಿಸಿದರೆ ಒಂದು ಸೆಂಟಿಮೀಟರ್ ಆಸುಪಾಸು ನೀರು. ವಸಂತದ ಹಳೆಯ ಹಿಮದಲ್ಲಿ ನಾಲ್ಕಕ್ಕೂ ಹೆಚ್ಚು. ನಾನು ಹಲಗೆ ಕಟ್ಟಿಕೊಂಡು ಜಾರುತ್ತಿದ್ದದ್ದು ತುಂಬಿದ ಕೆರೆಯ ಮೇಲೆ.

ಇದನ್ನು ಒಮ್ಮೆ ಊರಿನಲ್ಲಿ ಅಜ್ಜಿಗೆ ಹೇಳಿದ್ದೆ. ಹಿರಿಯೂರು ತಾಲ್ಲೂಕಿನ ನಮ್ಮ ಹಳ್ಳಿಯಲ್ಲಿ ಕೆರೆ ಎಂದರೆ ಏನೆಂದು ಅಜ್ಜಿಗೆ ಯಾರೂ ಹೇಳಿಕೊಡಬೇಕಿಲ್ಲ. ಕಿವಿಗೊಟ್ಟು ಕೇಳಿ, ‘ಅಲ್ಲ ಮಗಾ, ಅಷ್ಟು ನೀರು ಗುಡ್ಡದ ಮ್ಯಾಲೆ ಹೆಂಗೆ ನಿಂತೈತೆ? ಏರಿ ಎಲ್ಲೈತೆ ಅದಕ್ಕೆ?’ ಎಂದು ಕೇಳಿತು. ಸ್ವಲ್ಪ ಯೋಚಿಸಿ ‘ಚಳಿಯೇ ಏರಿ ಅಜ್ಜಿ’ ಎಂದೆ. ನಾಲ್ಕು ವರ್ಷ ಓದಿದ ವಿಷಯವನ್ನು ನಾನು ಇದಕ್ಕಿಂತ ಚಿಕ್ಕದಾಗಿ ಹೇಳಿಲ್ಲ.

ನಮ್ಮ ಕಡೆಯ ವಾಣಿವಿಲಾಸ ಸಾಗರ 1933ರಲ್ಲಿ ಕೋಡಿ ಬಿದ್ದಿತ್ತು. ಮತ್ತೆ ಕೋಡಿ ಬೀಳಲು 2022 ಬರಬೇಕಾಯಿತು. ನಾನಾಗ ಡೆನ್ವರ್‌ಗೆ ಬಂದು ಕೆಲವೇ ವಾರವಾಗಿತ್ತು. ಅಪ್ಪ ಕಳಿಸಿದ ವಿಡಿಯೊದಲ್ಲಿ ನೀರಿಗಿಂತ ಜನರೇ ಹೆಚ್ಚು ಕಾಣುತ್ತಿದ್ದರು. ಎಂಬತ್ತೊಂಬತ್ತು ವರ್ಷ ಕಾದ ನೀರನ್ನು ನೋಡಲು ಬಂದವರು. ಬಯಲುಸೀಮೆಯ ಕೆರೆ ತುಂಬುವುದು ಅಪರೂಪ, ಹಾಗಾಗಿ ತುಂಬಿದರೆ ಹಬ್ಬ. ಇಲ್ಲಿ ಕೆರೆ ಪ್ರತಿ ಚಳಿಗಾಲ ತುಂಬುತ್ತದೆ, ಪ್ರತಿ ಬೇಸಿಗೆ ಖಾಲಿಯಾಗುತ್ತದೆ. ಎಷ್ಟು ತುಂಬಿತು ಎನ್ನುವಷ್ಟೇ ಮುಖ್ಯ, ಯಾವಾಗ ಖಾಲಿಯಾಯಿತು ಎನ್ನುವುದು. ಕೊಲೊರಾಡೊ ನದಿಯನ್ನು ಸುಮಾರು ನಾಲ್ಕು ಕೋಟಿ ಜನ ನಂಬಿಕೊಂಡಿದ್ದಾರೆ. ಅದರ ನೀರಿನ ಹೆಚ್ಚು ಭಾಗ ಇಂಥ ಬೆಟ್ಟಗಳ ಹಿಮದಿಂದಲೇ ಬರುತ್ತದೆ. 1922ರ ಒಪ್ಪಂದದಲ್ಲಿ ರಾಜ್ಯಗಳು ಆ ನದಿಯನ್ನು ಹಂಚಿಕೊಂಡವು. ಆಗ ಲೆಕ್ಕಕ್ಕೆ ಹಿಡಿದದ್ದು ಹೆಚ್ಚು ನೀರಿದ್ದ ವರ್ಷಗಳನ್ನು. ಕಾವೇರಿಯ ನಾಡಿನಿಂದ ಬಂದವರಿಗೆ ಮುಂದಿನದನ್ನು ವಿವರಿಸಬೇಕಿಲ್ಲ.

ಹನ್ನೆರಡರ ಸುಮಾರಿಗೆ ಲಿಫ್ಟಿನಲ್ಲಿ ಮೇಲೇರುವಾಗ ಗೆಳತಿ ಎದುರಿನ ಇಳಿಜಾರನ್ನು ತೋರಿಸಿದಳು. ಬಿಳಿಯ ಮೇಲೆ ಕಂದುಗೆಂಪು ಪಟ್ಟೆ, ಹಳೆಯ ಪಂಚೆಗೆ ಹತ್ತಿದ ಮಣ್ಣಿನ ಕಲೆಯಂತೆ. ದೂರದ ಕೊಲೊರಾಡೊ ಪ್ರಸ್ಥಭೂಮಿಯ ಮರುಭೂಮಿಯಿಂದ ವಸಂತದ ಗಾಳಿ ಹೊತ್ತು ತರುವ ಧೂಳು ಅದು. ಶುಭ್ರವಾದ ಹೊಸ ಹಿಮ ಬಿಸಿಲಿನ ನೂರರಲ್ಲಿ ಎಂಬತ್ತು ಪಾಲಿಗೂ ಹೆಚ್ಚು ತಿರುಗಿಸಿ ಕಳಿಸುತ್ತದೆ. ಧೂಳು ಹತ್ತಿದ ಹಿಮ ಬಿಸಿಲನ್ನು ಕುಡಿಯುತ್ತದೆ. ಥಾಮಸ್ ಪೇಂಟರ್ ಮತ್ತು ಸಂಗಡಿಗರು 2010ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ ಈ ಧೂಳಿನಿಂದ ನದಿಯ ಮೇಲ್ಕಣಿವೆಯ ಹಿಮ ವಾರಗಟ್ಟಲೆ ಮೊದಲೇ ಕರಗುತ್ತದೆ. ನೆಲ ಬೇಗ ಬಯಲಾಗಿ, ಗಿಡಮರ ಬೇಗ ಚಿಗುರಿ, ನದಿಗೆ ಸೇರಬೇಕಾದ ನೀರಿನಲ್ಲಿ ಸುಮಾರು ಶೇಕಡಾ 5ರಷ್ಟು ಗಾಳಿಗೆ ಹೋಗುತ್ತದೆ. ಹತ್ತೊಂಬತ್ತನೇ ಶತಮಾನದಲ್ಲಿ ದನಕುರಿಗಳ ಮಂದೆ ಮರುಭೂಮಿಯ ಮೇಲ್ಮಣ್ಣನ್ನು ತುಳಿದು ಸಡಿಲಿಸಿದಂದಿನಿಂದ ಧೂಳು ಹೆಚ್ಚಾಗಿದೆ ಎಂಬುದನ್ನು ಬೆಟ್ಟದ ಕೆರೆಗಳ ತಳದ ಹೂಳೇ ಹೇಳುತ್ತದೆ. ಏರಿಗೆ ಇಲಿಬಿಲ ಬಿದ್ದ ಹಾಗೆ ಇದು. ಅದರ ಮೇಲೆ ವರ್ಷದಿಂದ ವರ್ಷಕ್ಕೆ ಏರುವ ಬಿಸಿ. ಏರಿಯೇ ಸವೆಯುತ್ತಿದೆ.

ಒಂದೂವರೆಗೆ ಕಡಿದಾದ ಇಳಿಜಾರುಗಳ ಬಾಯಿಗೆ ಕಾವಲು ಸಿಬ್ಬಂದಿ ಹಗ್ಗ ಕಟ್ಟಿದರು. ಯಾರೂ ವಾದ ಮಾಡಲಿಲ್ಲ. ಮೇಲಿನ ನೀರು ಒಳಗೆ ಇಳಿಯುತ್ತಾ ಹೋದರೆ ಹಿಮದ ಇಡೀ ಹಾಸು ಸಡಿಲಾಗಿ ಜಾರಬಹುದು. 2005ರ ಮೇ ತಿಂಗಳಲ್ಲಿ ಇದೇ ಬೆಟ್ಟದ ಪಲ್ಲವಿಸಿನಿ ಎಂಬ ಕಡೆ ಒದ್ದೆ ಹಿಮ ಕುಸಿದು ಒಬ್ಬರು ತೀರಿಕೊಂಡಿದ್ದರು. ಬೆಳಗ್ಗೆ ‘ಇನ್ನೂ ಇಲ್ಲ’ ಎಂದಿದ್ದವಳು ಈಗ ‘ಇನ್ನು ಸಾಕು’ ಎಂದಳು. ಎರಡನ್ನೂ ಒಂದೇ ದನಿಯಲ್ಲಿ ಹೇಳಿದಳು.

ಕೆಳಗೆ ಜಾತ್ರೆಯೇ ನೆರೆದಿತ್ತು. ಇಳಿಜಾರಿಗೆ ಅಂಟಿಕೊಂಡ ಪಾರ್ಕಿಂಗ್ ಸಾಲಿಗೆ ಇಲ್ಲಿಯವರು ‘ಬೀಚ್’ ಎನ್ನುತ್ತಾರೆ. ಕಾರಿನ ಹಿಂಬಾಗಿಲು ತೆರೆದು, ಮಡಚುವ ಕುರ್ಚಿ ಹಾಕಿ, ಒಲೆ ಹೊತ್ತಿಸಿ, ಹೂವಿನ ಅಂಗಿ ಚಡ್ಡಿಯಲ್ಲಿ ಕೂತವರು. ಬಾಳೆಹಣ್ಣಿನ ವೇಷ ತೊಟ್ಟು ಸ್ಕೀ ಮಾಡಿಬಂದ ಮಧ್ಯವಯಸ್ಕರು. ಎಲ್ಲರ ತಟ್ಟೆಗೂ ಮೂಗು ತೂರುವ ನಾಯಿಗಳು. ನಮ್ಮ ಡಬ್ಬಿಯ ಚಿತ್ರಾನ್ನಕ್ಕೆ ಪಕ್ಕದವರು ಸುಟ್ಟ ಜೋಳದ ತೆನೆ ಕೊಟ್ಟು ವಿನಿಮಯ ಮಾಡಿಕೊಂಡರು. ಬುಡದಲ್ಲಿ ಹಿಮ ಕರಗಿ ಸಣ್ಣ ಕೊಳ ಬಿಚ್ಚಿಕೊಂಡಿತ್ತು. ಹುಡುಗರು ಮೇಲಿಂದ ವೇಗವಾಗಿ ಬಂದು ಹಲಗೆಯ ಮೇಲೆಯೇ ಅದನ್ನು ದಾಟಲು ನೋಡುತ್ತಿದ್ದರು. ದಾಟಿದವರಿಗೆ ಚಪ್ಪಾಳೆ, ಮುಳುಗಿದವರಿಗೆ ಇನ್ನೂ ಜೋರು ಚಪ್ಪಾಳೆ.

ಅದನ್ನು ನೋಡುತ್ತಾ ಕೂತಾಗ, ಕರಗುವುದನ್ನು ಅಳೆದು ಹೊಟ್ಟೆ ಹೊರೆಯುವ ನಾನು ಅದರ ಮೇಲೆ ಕುಣಿಯುವುದು ಸರಿಯೇ ಎಂಬ ಪ್ರಶ್ನೆ ಬಂದೇ ಬಂತು. ಗೆಳತಿಯನ್ನು ಕೇಳಿದೆ. ಅವಳು ತೆನೆ ಕಚ್ಚುತ್ತಾ, ‘ಗ್ರಾಫ್ ನೋಡಿ ಯಾರೂ ಬೆಟ್ಟವನ್ನು ಪ್ರೀತಿಸಲು ಕಲಿತದ್ದು ನಾನು ಕಂಡಿಲ್ಲ’ ಎಂದಳು. ನಾನು ಒಪ್ಪಿದೆ, ಆದರೆ ಪೂರ್ತಿ ಅಲ್ಲ. ಪ್ರೀತಿಸುವವರೆಲ್ಲ ಕಾರಿನಲ್ಲೇ ಇಲ್ಲಿಗೆ ಬಂದಿದ್ದೆವು. ಆದರೂ ಕೋಡಿ ನೋಡಲು ಬಂದ ನಮ್ಮೂರ ಜನ ನೆನಪಾದರು. ನೀರಿನ ಮುಂದೆ ನಿಂತು ಸಂಭ್ರಮಿಸಿದವರಿಗೇ ಅದು ಹೋದಾಗ ಏನು ಹೋಯಿತು ಎಂದು ಗೊತ್ತಾಗುತ್ತದೆ. ಕಾರ್ನ್ ಹಿಮದಲ್ಲಿ ಈ ಎರಡೂ ಒಂದೇ ಆಗಿವೆ. ಕರಗದಿದ್ದರೆ ಅದು ಕಾರ್ನ್ ಆಗುವುದಿಲ್ಲ, ಕರಗುತ್ತಲೇ ಹೋದರೆ ಉಳಿಯುವುದಿಲ್ಲ. ಅದಕ್ಕೆ ಬೇಕಾದದ್ದು ರಾತ್ರಿಯ ಚಳಿ. ನನ್ನ ಪ್ರಬಂಧದಲ್ಲಿ ನಾನು ಎಣಿಸುತ್ತಿರುವುದು ಅಂಥ ರಾತ್ರಿಗಳನ್ನೇ.

ಸಂಜೆ ಕೆಳಗಿಳಿದು ಡಿಲ್ಲನ್ ಜಲಾಶಯದ ಪಕ್ಕ ಹಾದೆವು. 1963ರಲ್ಲಿ ಮುಗಿದ ಅಣೆಕಟ್ಟು. ಅದಕ್ಕಾಗಿ ಹಳೆಯ ಡಿಲ್ಲನ್ ಊರನ್ನೇ ಸ್ಮಶಾನ ಸಮೇತ ಬೇರೆಡೆಗೆ ಸಾಗಿಸಿದ್ದರು. ನಾವು ಜಾರಿದ ಬೆಟ್ಟದ ನೀರು ಸ್ನೇಕ್ ಎಂಬ ಚಿಕ್ಕ ಹೊಳೆಯಾಗಿ ಇದಕ್ಕೇ ಬಂದು ಸೇರುತ್ತದೆ. ಸಹಜವಾಗಿ ಅದು ಪಶ್ಚಿಮಕ್ಕೆ, ಕೊಲೊರಾಡೊ ನದಿಗೆ ಹೋಗಬೇಕು. ಒಂದು ಪಾಲು ಹಾಗೇ ಹೋಗುತ್ತದೆ. ಇನ್ನೊಂದು ಪಾಲು ಬೆಟ್ಟಸಾಲಿನ ಅಡಿಯಲ್ಲಿ ಕೊರೆದ ಸುಮಾರು 37 ಕಿಲೋಮೀಟರ್ ಉದ್ದದ ರಾಬರ್ಟ್ಸ್ ಸುರಂಗದಲ್ಲಿ ಪೂರ್ವಕ್ಕೆ ಹರಿದು ಡೆನ್ವರ್‌ನ ನಲ್ಲಿಗೆ ಬರುತ್ತದೆ. ಸ್ವಲ್ಪ ಹೊತ್ತಿನಲ್ಲಿ ನಮ್ಮ ಕಾರೂ ಐಸೆನ್‌ಹೋವರ್ ಸುರಂಗ ಹೊಕ್ಕಿತು. ನಾವೂ ಆ ನೀರೂ ಬೇರೆ ಬೇರೆ ಸುರಂಗಗಳಲ್ಲಿ ಒಂದೇ ಊರಿಗೆ ಹೊರಟಿದ್ದೆವು. ಗೆಳತಿ ಫೋನಿನಲ್ಲಿ ಹವಾಮಾನ ನೋಡಿ, ಆ ರಾತ್ರಿ ಮೇಲೆ ಸೊನ್ನೆಗಿಂತ ನಾಲ್ಕು ಡಿಗ್ರಿ ಕೆಳಗೆ ಇಳಿಯುತ್ತದೆ ಎಂದಳು. ‘ಒಳ್ಳೆಯದು’ ಎಂದು ಇಬ್ಬರೂ ಒಟ್ಟಿಗೇ ಹೇಳಿದೆವು.