ಡೋಸೆ ಕೂಪನ್ನೂ ನಮ್ಮ ಸಂಘದ ಸರ್ವರೂ

ಹೊರದೇಶದ ಕನ್ನಡ ಸಂಘ ಎಂದ ಮೇಲೆ ನಾಲ್ಕು ಜನ ಸಾಫ್ಟ್‌ವೇರಿನವರು ಇದ್ದೇ ಇರುತ್ತಾರೆ. ನಾಲ್ಕು ಜನ ಇದ್ದ ಮೇಲೆ ನಾಲ್ಕು ವೆಬ್ ಅಪ್ಲಿಕೇಷನ್‌ಗಳೂ ಹುಟ್ಟುತ್ತವೆ! ನಮ್ಮಲ್ಲಿ ಮೂರಕ್ಕೇ ನಿಂತಿದೆ. ಸದಸ್ಯತ್ವಕ್ಕೊಂದು, ಹಬ್ಬದ ನೋಂದಣಿಗೊಂದು, ಮಕ್ಕಳ ಕನ್ನಡ ಶಾಲೆಗೊಂದು. ಮೂರಕ್ಕೂ ಸಮಿತಿಯವರ ಪಾಸ್‌ವರ್ಡ್ ಮಾತ್ರ ಒಂದೇ. ಹನ್ನೆರಡು ಜನರಿಗೆ ಅದು ಬಾಯಿಪಾಠ. ಅವರಲ್ಲಿ ಇಬ್ಬರು ಬ್ರಿಟನ್ ಬಿಟ್ಟು ಬೆಂಗಳೂರಿಗೆ ಮರಳಿ ವರ್ಷಗಳೇ ಆಗಿದ್ದವು.

ಕೇಳಲು ತಮಾಷೆ. ಆದರೆ ಶಾಲೆಯ ಪಟ್ಟಿಯಲ್ಲಿ ಏನೇನಿದೆ ನೋಡಿ: ಮಕ್ಕಳ ಹೆಸರು, ವಯಸ್ಸು, ಮನೆ ವಿಳಾಸ, ಯಾರಿಗೆ ಕಡಲೆಕಾಯಿ ಆಗುವುದಿಲ್ಲ, ಯಾವ ಮಗುವನ್ನು ಯಾರು ಕರೆದುಕೊಂಡು ಹೋಗಬಹುದು. ವೇದಿಕೆಯ ಕಾರ್ಯಕ್ರಮದ ಪಟ್ಟಿ ತಿದ್ದಲು ಪಾಸ್‌ವರ್ಡ್ ಪಡೆದವರಿಗೂ ಇದೆಲ್ಲ ತೆರೆದ ಪುಸ್ತಕ. ನನ್ನ ಮಗಳ ಹೆಸರೂ ಆ ಪಟ್ಟಿಯಲ್ಲಿದೆ. ಆಫೀಸಿನಲ್ಲಿ ನಾನು ಮಾಡುವುದೂ ಇದೇ ಕೆಲಸವಾದ್ದರಿಂದ, ಬೆಕ್ಕಿಗೆ ಗಂಟೆ ಕಟ್ಟುವುದು ನನ್ನ ಪಾಲಿಗೆ ಬಂತು.

ಕಟ್ಟಬೇಕಾದ ಗಂಟೆಯ ಹೆಸರು ಆಥರೈಸೇಷನ್ ಸರ್ವರ್. ಹೆಸರು ಕೇಳಿ ಪುಟ ತಿರುವಬೇಡಿ! ನಮ್ಮೂರಿನ ದರ್ಶಿನಿ ಹೋಟೆಲನ್ನು ನೆನೆಸಿಕೊಳ್ಳಿ. ದುಡ್ಡು ಕೊಡುವುದು ಕ್ಯಾಷ್ ಕೌಂಟರಿನಲ್ಲಿ. ಅಲ್ಲಿ ಸಿಕ್ಕ ಕೂಪನ್ ತೋರಿಸಿದರೆ ಒಳಗಿನವನು ಡೋಸೆ ಕೊಡುತ್ತಾನೆ. ಅವನು ನಿಮ್ಮ ಪರ್ಸ್ ಮುಟ್ಟುವುದಿಲ್ಲ, ನಿಮ್ಮ ಹೆಸರೂ ಅವನಿಗೆ ಬೇಡ. ಡೋಸೆಯ ಕೂಪನ್ನಿಗೆ ಕಾಫಿ ಸಿಗುವುದಿಲ್ಲ, ನಿನ್ನೆಯ ಕೂಪನ್ ಇವತ್ತು ನಡೆಯುವುದಿಲ್ಲ. ಸರ್ವರ್ ಎಂದರೆ ಆ ಕ್ಯಾಷ್ ಕೌಂಟರ್. ಕೂಪನ್ನಿಗೆ ನಮ್ಮವರು ಟೋಕನ್ ಅನ್ನುತ್ತಾರೆ. ಪಾಸ್‌ವರ್ಡ್ ಹೇಳುವುದು ಆ ಒಂದೇ ಕೌಂಟರಿನಲ್ಲಿ.

ಸುಮಾರು ಇಪ್ಪತ್ತು ವರ್ಷದ ಹಿಂದೆ ಕೆಲವು ವೆಬ್‌ಸೈಟುಗಳು "ನಿಮ್ಮ ಇಮೇಲಿನ ಪಾಸ್‌ವರ್ಡ್ ಕೊಡಿ, ಗೆಳೆಯರನ್ನು ಹುಡುಕಿಕೊಡುತ್ತೇವೆ" ಎನ್ನುತ್ತಿದ್ದದ್ದು ನಿಮಗೆ ನೆನಪಿರಬಹುದು. ನಾವೂ ಕೊಡುತ್ತಿದ್ದೆವು! ಆ ಕೆಟ್ಟ ಚಾಳಿ ತಪ್ಪಿಸಲೆಂದೇ 2007ರಲ್ಲಿ ಓ-ಆಥ್ ಎಂಬ ಪದ್ಧತಿ ಬಂತು. ಈಗ ಎಲ್ಲೆಡೆ ಬಳಕೆಯಲ್ಲಿರುವ ಅದರ ಎರಡನೆಯ ಆವೃತ್ತಿ 2012ರದು.

ನಾನು ಆರಿಸಿಕೊಂಡದ್ದು ಕೀಕ್ಲೋಕ್. ಪುಕ್ಕಟೆ ಸಿಗುವ, ಮೂಲ ಕೋಡ್ ಎಲ್ಲರಿಗೂ ತೆರೆದಿರುವ ತಂತ್ರಾಂಶ. ಸಂಘದ ಖಜಾನೆಗೆ ಭಾರವಾಗದಂತೆ ಒಂದು ಸಣ್ಣ ಬಾಡಿಗೆ ಸರ್ವರ್ ಹಿಡಿದೆ. ಹಾಕುವುದು ಒಂದು ಸಂಜೆಯ ಕೆಲಸ. ಯಾರಿಗೆ ಎಷ್ಟು ಅನುಮತಿ ಎಂದು ಸಮಿತಿಯಲ್ಲಿ ತೀರ್ಮಾನವಾಗಲು ಹಿಡಿದದ್ದು ಎರಡು ತಿಂಗಳು, ಮೂರು ಸಭೆ, ಲೆಕ್ಕವಿಲ್ಲದಷ್ಟು ಕಪ್ ಚಹಾ. ಒಂದು ವಿಷಯದಲ್ಲಿ ಮಾತ್ರ ನಾನು ಹಟ ಹಿಡಿದೆ. ಲಾಗಿನ್ ಆದವರನ್ನು ಯಾವ ವಿಳಾಸಕ್ಕೆ ಮರಳಿಸಬೇಕೆಂದು ಅಕ್ಷರ ಬಿಡದೆ ಪೂರ್ತಿ ಬರೆಯಬೇಕು. "ಎಲ್ಲಿಗಾದರೂ ಆಗಲಿ" ಎಂದು ನಕ್ಷತ್ರ ಚಿಹ್ನೆ ಹಾಕಿಬಿಟ್ಟರೆ, ಕಳ್ಳ ತನ್ನ ಮನೆಗೇ ತರಿಸಿಕೊಳ್ಳುವ ದಾರಿ ಮಾಡಿಕೊಟ್ಟಂತೆ. ಪೀಕೆಸಿಇ ಎಂಬ ಇನ್ನೊಂದು ಕಾವಲೂ ಉಂಟು: ಅಪ್ಲಿಕೇಷನ್ ಶುರುವಿನಲ್ಲೇ ಒಂದು ಗುಟ್ಟು ಹುಟ್ಟಿಸಿಕೊಂಡು ಅದರ ಗುರುತನ್ನಷ್ಟೇ ಸರ್ವರಿಗೆ ಕಳಿಸುತ್ತದೆ, ಕಡೆಯಲ್ಲಿ ಆ ಗುಟ್ಟು ಹೇಳಿದವರಿಗೇ ಟೋಕನ್.

ಕಷ್ಟವಾದದ್ದು ನಮ್ಮ ಖಜಾಂಚಿ ಡಾಕ್ಟರಿಗೆ ಹೇಳುವುದು. ಸಂಘದ ಲೆಕ್ಕವನ್ನು ಡೈರಿಯ ಕಾಲದಿಂದ ನೋಡಿಕೊಂಡವರು. "ಏನಮ್ಮಾ, ಇಷ್ಟು ವರ್ಷ ಆದಮೇಲೆ ನನ್ನ ಮೇಲೂ ನಂಬಿಕೆ ಇಲ್ಲವಾ?" ಎಂದರು. ನಗುತ್ತಲೇ ಅಂದರೂ ದನಿಯಲ್ಲಿ ನೋವಿತ್ತು. ನಾನು ಡೋಸೆಯ ಕಥೆ ಬಿಟ್ಟು ಟೋಕನ್ನಿನ ಸಹಿಯ ವಿಷಯಕ್ಕೆ ಬಂದೆ. ಸರ್ವರ್ ಪ್ರತಿ ಟೋಕನ್ನಿಗೂ ತನ್ನ ಗುಟ್ಟಿನ ಕೀಲಿಯಿಂದ ಸಹಿ ಹಾಕುತ್ತದೆ, ಅಪ್ಲಿಕೇಷನ್‌ಗಳು ಮತ್ತೆ ಅದನ್ನು ಕೇಳದೆಯೇ ಸಹಿ ಅಸಲಿಯೇ ಎಂದು ನೋಡಿಕೊಳ್ಳುತ್ತವೆ, ಎಂದೆ. "ಅಂದರೆ ಪ್ರಿಸ್ಕ್ರಿಪ್ಷನ್! ನಾನು ಬರೆದದ್ದಷ್ಟೇ ಫಾರ್ಮಸಿಯವನು ಕೊಡಬೇಕು," ಎಂದರು. ಎಷ್ಟು ದಿನದ್ದು ಎಂದೂ ಕೇಳಿದರು. ಐದು ನಿಮಿಷ ಎಂದಾಗ ನಕ್ಕುಬಿಟ್ಟರು. ಕಾರಣವಿದೆ: ಒಮ್ಮೆ ಕೊಟ್ಟ ಟೋಕನ್ ಅವಧಿ ಮುಗಿಯುವವರೆಗೂ ನಡೆಯುತ್ತದೆ. ಯಾರದಾದರೂ ಅನುಮತಿ ತೆಗೆದರೆ ಅದು ಬೇಗ ಜಾರಿಗೆ ಬರಬೇಕಲ್ಲ? ಐದು ನಿಮಿಷಕ್ಕೊಮ್ಮೆ ಹೊಸದನ್ನು ಅಪ್ಲಿಕೇಷನ್ ತಾನೇ ತಂದುಕೊಳ್ಳುತ್ತದೆ, ನಮಗೆ ಗೊತ್ತೂ ಆಗುವುದಿಲ್ಲ.

ಮರುವಾರ ಡಾಕ್ಟರೇ ಫೋನ್ ಮಾಡಿದರು. "ನನಗೆ ಲೆಕ್ಕ ಸಾಕು, ಮಕ್ಕಳ ಪಟ್ಟಿ ಯಾಕಮ್ಮಾ? ತೆಗೆದುಬಿಡು."

ಯುಗಾದಿಯ ನೋಂದಣಿಗೆ ಹೋದಾಗ ನಿಮಗೂ ಹೊಸ ಲಾಗಿನ್ ಪುಟ ಕಾಣುತ್ತದೆ, ಗಾಬರಿ ಬೇಡ. ಮೇಲಿನ ವಿಳಾಸ ಸಂಘದ್ದೇ ಎಂದು ನೋಡಿಕೊಂಡು ಪಾಸ್‌ವರ್ಡ್ ಕೊಡಿ. ಫೋನಿನಲ್ಲಿ, ವಾಟ್ಸಾಪಿನಲ್ಲಿ, ಕೊನೆಗೆ ನಾನೇ ಕೇಳಿದರೂ ಹೇಳಬೇಡಿ. ಎಷ್ಟು ಜನ ಬರುತ್ತೀರೆಂದು ಮಾತ್ರ ಸರಿಯಾಗಿ ತುಂಬಿ. ಕಳೆದ ಸಲ ಬಿಸಿಬೇಳೆಬಾತ್ ಸಾಲದೇ ಹೋಯಿತು.