ದೇವರಾಜ ಮಾರುಕಟ್ಟೆ: ಕೆಡವುವುದೋ, ಉಳಿಸುವುದೋ?

ಮೈಸೂರಿಗೆ ಹೋಗುವ ನಮ್ಮ ಕರಾವಳಿಯವರ ಪ್ರವಾಸ ಸಾಮಾನ್ಯವಾಗಿ ಒಂದೇ ತೆರನಾಗಿರುತ್ತದೆ. ಬೆಳಿಗ್ಗೆ ಮೃಗಾಲಯ, ಮಧ್ಯಾಹ್ನ ಅರಮನೆ, ಸಂಜೆ ಬೃಂದಾವನ. ಶ್ರೀರಂಗಪಟ್ಟಣದ ಗುಂಬಝ್ ನೋಡಲು ಸಮಯ ಸಿಕ್ಕಿದರೆ ಸಿಕ್ಕಿತು, ಇಲ್ಲದಿದ್ದರೆ ಬಸ್ಸಿನ ಕಿಟಕಿಯಿಂದಲೇ ಸಲಾಂ. ಆದರೆ ಮೈಸೂರಿನವರ ದಿನನಿತ್ಯದ ಬದುಕು ಹೇಗಿದೆ ಎಂದು ನೋಡಬೇಕಿದ್ದರೆ ಸಯ್ಯಾಜಿರಾವ್ ರಸ್ತೆಯ ದೇವರಾಜ ಮಾರುಕಟ್ಟೆಗೆ ಹೋಗಬೇಕು. ಬೇಗ ಹೋಗಬೇಕು ಎಂದೂ ಸೇರಿಸುತ್ತೇನೆ. ಏಕೆಂದರೆ ಅದನ್ನು ಕೆಡವಬೇಕೇ, ಉಳಿಸಿಕೊಳ್ಳಬೇಕೇ ಎಂಬ ವಾದ ಆ ಊರಿನಲ್ಲಿ ವರ್ಷಗಳಿಂದ ನಡೆಯುತ್ತಿದೆ.

ಮಂಡಿ ಮೊಹಲ್ಲಾದಲ್ಲಿರುವ ನನ್ನ ನಾದಿನಿಯ ಮನೆಯಿಂದ ಮಾರುಕಟ್ಟೆಗೆ ನಡೆದೇ ಹೋಗಬಹುದು. ಕಳೆದ ಬೇಸಿಗೆ ರಜೆಯಲ್ಲಿ ನಾನು, ನಾದಿನಿ, ಅವಳ ಅತ್ತೆ ಮತ್ತು ಸಿವಿಲ್ ಎಂಜಿನಿಯರಿಂಗ್ ಓದುತ್ತಿರುವ ಅವಳ ಮಗಳು ಹೀಗೆ ನಾಲ್ವರು ಹೊರಟೆವು. ಅತ್ತೆಗೆ ಎಪ್ಪತ್ತು ದಾಟಿದೆ. ನಾವೆಲ್ಲ ಅವರನ್ನು ಖಾಲಾ ಎನ್ನುತ್ತೇವೆ. ಮದುವೆಯಾಗಿ ಮೈಸೂರಿಗೆ ಬಂದ ವಾರದಿಂದ ಅವರು ತರಕಾರಿ ಕೊಳ್ಳುವುದು ಇಲ್ಲಿಯೇ.

ಚಿಕ್ಕ ಗಡಿಯಾರದ ಕಡೆಯಿಂದ ಒಳಹೊಕ್ಕರೆ ಮೊದಲು ಮೂಗಿಗೆ ತಿಳಿಯುತ್ತದೆ. ಮೈಸೂರು ಮಲ್ಲಿಗೆ, ಸೇವಂತಿಗೆ, ಮರುಗ. ಹೂವನ್ನು ಮಾರಿನ ಲೆಕ್ಕದಲ್ಲಿ ತೋಳು ಚಾಚಿ ಅಳೆದು ಕೊಡುತ್ತಾರೆ. ಕುಳ್ಳಗಿನ ಮಾರಾಟಗಾರನಿಂದ ಕೊಂಡರೆ ನಷ್ಟ ಎಂದು ಖಾಲಾ ತಮಾಷೆ ಮಾಡಿದರು. ಮುಂದೆ ಬಾಳೆಹಣ್ಣಿನ ಸಾಲು. ನಂಜನಗೂಡು ರಸಬಾಳೆ ಸಿಕ್ಕರೆ ಅದೃಷ್ಟ. ಆಮೇಲೆ ವೀಳ್ಯದೆಲೆ, ತೆಂಗಿನಕಾಯಿ, ಬೆಲ್ಲ, ತಾಮ್ರ ಹಿತ್ತಾಳೆಯ ಪಾತ್ರೆ. ಗೋಪುರದಂತೆ ಒಟ್ಟಿದ ಕುಂಕುಮ, ಬಣ್ಣದ ಪುಡಿಗಳ ಮುಂದೆ ವಿದೇಶಿಯರು ಕ್ಯಾಮರಾ ಹಿಡಿದು ನಿಂತಿರುತ್ತಾರೆ. ಪಕ್ಕದಲ್ಲೇ ಗಾಜಿನ ಪುಟ್ಟ ಶೀಶೆಗಳಲ್ಲಿ ಅತ್ತರು. ಹೂವು ಕಟ್ಟುವವರಲ್ಲಿ, ಹಣ್ಣು ಮಾರುವವರಲ್ಲಿ ನಮ್ಮವರೂ ಇದ್ದಾರೆ, ಇತರರೂ ಇದ್ದಾರೆ. ಒಂದೇ ತಕ್ಕಡಿಯನ್ನು ಇಬ್ಬರು ಅಂಗಡಿಯವರು ಕೈಬದಲಿಸಿ ಬಳಸುವುದನ್ನು ಕಂಡೆ. ರಸ್ತೆಗೆ ಮುಖ ಮಾಡಿದ ಹೊರಸಾಲಿನಲ್ಲಿ ಮೈಸೂರು ಪಾಕ್‌ಗೆ ಹೆಸರಾದ ಗುರು ಸ್ವೀಟ್ಸ್ ಇದೆ. ಅರಮನೆಯ ಅಡುಗೆಯವರಾಗಿದ್ದ ಕಾಕಾಸುರ ಮಾದಪ್ಪನವರ ವಂಶದವರ ಅಂಗಡಿ ಅದು.

ಈ ಜಾಗದ ಹಿಂದೊಂದು ಕಥೆಯಿದೆ. ದಿವಾನ್ ಪೂರ್ಣಯ್ಯನವರು ಕಾವೇರಿಯ ನೀರನ್ನು ಮೈಸೂರಿಗೆ ತರಲೆಂದು ಕಾಲುವೆ ತೋಡಿಸಿದರು. ನೀರು ಬರಲಿಲ್ಲ, ಕಾಲುವೆ ಹಾಗೆಯೇ ಊರಿನ ನಡುವೆ ಬಾಯ್ದೆರೆದು ಉಳಿಯಿತು. ಹತ್ತನೆಯ ಚಾಮರಾಜ ಒಡೆಯರ ಕಾಲದಲ್ಲಿ ಅದನ್ನು ಮುಚ್ಚಿಸಿ ರಸ್ತೆ ಮಾಡಿದರು. ಅದೇ ಇಂದಿನ ಸಯ್ಯಾಜಿರಾವ್ ರಸ್ತೆ. ರಸ್ತೆಯ ಬದಿಯಲ್ಲಿ ಸಂತೆ ನೆಲೆನಿಂತು, ಕ್ರಮೇಣ ಕಟ್ಟಡಗಳೆದ್ದು ಮಾರುಕಟ್ಟೆಯಾಯಿತು. ಯೋಜನೆಯೊಂದು ಸೋತ ಜಾಗದಲ್ಲಿ ಜನರ ಮಾರುಕಟ್ಟೆ ಬೆಳೆಯಿತು ಎಂಬುದು ನನಗೆ ಸ್ವಾರಸ್ಯವಾಗಿ ಕಂಡಿತು. ನಗರ ಯೋಜನೆ ಎಂಬುದು ಮೈಸೂರಿಗೆ ಹೊಸತೇನಲ್ಲ. ಪ್ಲೇಗಿನ ಹಾವಳಿಯ ನಂತರ 1903ರಲ್ಲೇ ಅಲ್ಲಿ ನಗರಾಭಿವೃದ್ಧಿಗೆಂದು ವಿಶ್ವಸ್ಥ ಮಂಡಳಿ ಸ್ಥಾಪನೆಯಾಗಿತ್ತು. ಅಗಲವಾದ ರಸ್ತೆಗಳೂ ವೃತ್ತಗಳೂ ಸುಮ್ಮನೆ ಬಂದವಲ್ಲ.

ಈಗ ವಾದಕ್ಕೆ ಬರೋಣ. 2012ರ ಆಗಸ್ಟ್‌ನಲ್ಲಿ ಮಾರುಕಟ್ಟೆಗೆ ಸಮೀಪದ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ ಕುಸಿದು ನಾಲ್ವರು ಪ್ರಾಣ ಕಳೆದುಕೊಂಡರು. 1892ರ ಆ ಕಟ್ಟಡದಲ್ಲಿ ಹಳೆಯ ಪುಸ್ತಕಗಳ ಅಂಗಡಿಗಳಿದ್ದವು. ಪಠ್ಯಪುಸ್ತಕವನ್ನು ಅರ್ಧ ಬೆಲೆಗೆ ಕೊಂಡು ಓದಿದವರು ಮೈಸೂರಿನ ಮನೆಮನೆಯಲ್ಲೂ ಇದ್ದಾರೆ. ನಾಲ್ಕು ವರ್ಷಗಳ ನಂತರ, 2016ರ ಆಗಸ್ಟ್‌ನಲ್ಲಿ, ದೇವರಾಜ ಮಾರುಕಟ್ಟೆಯ ಉತ್ತರ ದ್ವಾರದ ಭಾಗ ಕುಸಿಯಿತು. ದುರಸ್ತಿ ನಡೆಯುತ್ತಿದ್ದಾಗಲೇ ಕುಸಿದದ್ದು. ಅಲ್ಲಾಹನ ದಯೆಯಿಂದ ಅಂದು ಯಾರ ಜೀವವೂ ಹೋಗಲಿಲ್ಲ.

ಅಂದಿನಿಂದ ಊರು ಎರಡು ಪಾಲಾಯಿತು. ಕೆಡವಿ ಅದೇ ಮಾದರಿಯಲ್ಲಿ ಹೊಸದಾಗಿ ಕಟ್ಟಬೇಕು ಎಂಬುದು ಮಹಾನಗರ ಪಾಲಿಕೆಯ ನಿಲುವು. ಇಟ್ಟಿಗೆ ಗಾರೆಯ ಗೋಡೆಗಳನ್ನು ದುರಸ್ತಿ ಮಾಡಿ ಉಳಿಸಿಕೊಳ್ಳಬಹುದು ಎಂದು ಪಾರಂಪರಿಕ ಕಟ್ಟಡಗಳ ತಜ್ಞರು ಹೇಳಿದರು. ವಿಷಯ ಹೈಕೋರ್ಟಿನ ಮೆಟ್ಟಿಲೇರಿತು. 2023ರಲ್ಲಿ ನ್ಯಾಯಾಲಯ ಕೆಡವುವ ತೀರ್ಮಾನಕ್ಕೆ ಅಡ್ಡಿಪಡಿಸಲು ಒಪ್ಪಲಿಲ್ಲ. ಆದರೂ ಊರಿನ ಜನರ ವಾದ ನಿಂತಿಲ್ಲ.

ನಾನು ಕಂಡಂತೆ ಅತ್ಯಂತ ಬಿಸಿಯಾದ ವಾದ ನಾದಿನಿಯ ಮನೆಯ ಊಟದ ಸುಪ್ರಾದ ಮೇಲೆಯೇ ನಡೆಯಿತು. ನಾದಿನಿಯ ಪತಿ ಕೆಡವುವ ಪಕ್ಷ. "ನಾಲ್ಕು ಹೆಣ ಬಿದ್ದ ಮೇಲೂ ಹಳೆಯದು ಚೆಂದ ಎನ್ನುತ್ತೀರಲ್ಲ? ಒಳಗೆ ಕರೆಂಟಿನ ವಯರುಗಳು ಜೇಡರ ಬಲೆಯ ಹಾಗೆ ನೇತಾಡುತ್ತವೆ. ಬೆಂಕಿ ಬಿದ್ದರೆ ಅಗ್ನಿಶಾಮಕದ ಗಾಡಿ ಎಲ್ಲಿಂದ ಒಳಗೆ ಬರಬೇಕು?" ಎಂದರು. ಮಾತು ಸುಳ್ಳಲ್ಲ.

ಮಗಳು ಒಪ್ಪಲಿಲ್ಲ. "ಅಬ್ಬಾ, ಗಾರೆಯ ಗೋಡೆ ಉಸಿರಾಡುತ್ತದೆ. ಅದಕ್ಕೆ ಸಿಮೆಂಟು ಬಳಿದರೆ ತೇವ ಒಳಗೇ ಉಳಿದು ಇಟ್ಟಿಗೆ ಸವೆಯುತ್ತದೆ. ಮಳೆನೀರು ಸೋರಲು ಬಿಟ್ಟು, ಗೋಡೆಯಲ್ಲಿ ಗಿಡ ಬೆಳೆಯಲು ಬಿಟ್ಟು, ಆಮೇಲೆ ಕಟ್ಟಡಕ್ಕೆ ವಯಸ್ಸಾಯಿತು ಎನ್ನುವುದು ಯಾವ ನ್ಯಾಯ? ಮುಂಬಯಿಯ ಕ್ರಾಫರ್ಡ್ ಮಾರುಕಟ್ಟೆ ಇದಕ್ಕಿಂತ ಹಳೆಯದು, 1869ರದ್ದು. ಅದನ್ನು ದುರಸ್ತಿ ಮಾಡಿ ಉಳಿಸಿಕೊಂಡಿಲ್ಲವೇ?" ನನ್ನ ಕಡೆ ತಿರುಗಿ, "ನೀವೇ ಹೇಳಿ ಮುಮಾನಿ" ಎಂದಳು.

ನಾನು ಹೇಳುವ ಮೊದಲೇ ಖಾಲಾ ಬಾಯಿ ತೆರೆದರು. "ಹಳೆಯದೋ ಹೊಸದೋ, ಇಷ್ಟು ವರ್ಷದಲ್ಲಿ ಹೆಂಗಸರಿಗೆ ನೆಮ್ಮದಿಯಾಗಿ ಹೋಗಿ ಬರುವ ಒಂದು ಪಾಯಿಖಾನೆ ಕಂಡಿಲ್ಲ ನಾನು. ಬೆಳಗ್ಗಿನಿಂದ ರಾತ್ರಿವರೆಗೆ ಕೂತು ಹೂವು ಮಾರುವವಳು ನೀರೇ ಕುಡಿಯುವುದಿಲ್ಲ. ಅದರ ಬಗ್ಗೆ ನಿಮ್ಮ ತಜ್ಞರು ಏನು ಬರೆದಿದ್ದಾರೆ?" ಸುಪ್ರಾ ಒಂದು ಗಳಿಗೆ ನಿಶ್ಶಬ್ದವಾಯಿತು.

ಮಾರುಕಟ್ಟೆಯ ಒಳಗಿನವರ ಭಯ ಇನ್ನೊಂದು ರೀತಿಯದು. ಅಲ್ಲಿ ಎಂಟುನೂರರಷ್ಟು ಅಂಗಡಿಗಳಿವೆ. ಅತ್ತರು ಮಾರುವ ಹಿರಿಯರೊಬ್ಬರು ಹೇಳಿದರು: "ಲ್ಯಾನ್ಸ್‌ಡೌನಿನವರನ್ನು 2012ರಲ್ಲಿ ಎಬ್ಬಿಸಿದರು. ಹತ್ತು ವರ್ಷ ಕಳೆದರೂ ಅವರು ಮರಳಲಿಲ್ಲ ಅಮ್ಮಾ. ನಾಳೆ ನಮ್ಮನ್ನು ಎಬ್ಬಿಸಿದರೆ ಮರಳಿ ಬರುವಷ್ಟು ಆಯುಷ್ಯ ನನಗಿದೆಯೇ?" ಅವರ ಪ್ರಶ್ನೆಗೆ ಪಾರಂಪರಿಕ ತಜ್ಞರಲ್ಲೂ ಉತ್ತರವಿಲ್ಲ, ಎಂಜಿನಿಯರುಗಳಲ್ಲೂ ಇಲ್ಲ. ಬಾಡಿಗೆ ರಶೀದಿ ಇರುವವರದ್ದೇ ಈ ಪಾಡಾದರೆ, ಹೊರಗೆ ಕಾಲುದಾರಿಯಲ್ಲಿ ಗೋಣಿ ಹಾಸಿ ನಿಂಬೆಹಣ್ಣು, ಸೊಪ್ಪು ಮಾರುವ ಹೆಂಗಸರ ಗತಿಯೇನು? ಕಟ್ಟಡ ಉಳಿದರೂ ಬಿದ್ದರೂ ಅವರ ಹೆಸರು ಯಾವ ಪಟ್ಟಿಯಲ್ಲಿರುತ್ತದೆ?

ಸಹೋದರಿಯರೇ, ಇದಕ್ಕೆ ಕಾನೂನಿದೆ ಎಂಬುದು ನಮ್ಮಲ್ಲಿ ಅನೇಕರಿಗೆ ಗೊತ್ತಿಲ್ಲ. 2014ರ ಬೀದಿ ವ್ಯಾಪಾರಿಗಳ ಕಾಯಿದೆಯ ಪ್ರಕಾರ ಪ್ರತಿ ಪಟ್ಟಣದಲ್ಲಿ ವ್ಯಾಪಾರ ಸಮಿತಿ ಇರಬೇಕು. ಅದರ ಸದಸ್ಯರಲ್ಲಿ ನೂರಕ್ಕೆ ನಲ್ವತ್ತಕ್ಕೆ ಕಡಿಮೆಯಿಲ್ಲದಷ್ಟು ಮಂದಿ ಬೀದಿ ವ್ಯಾಪಾರಿಗಳೇ ಆಗಿರಬೇಕು, ಅವರಲ್ಲಿ ಮೂರನೇ ಒಂದು ಭಾಗ ಮಹಿಳೆಯರಿರಬೇಕು. ಹಾಗೆಯೇ ಇಡೀ ಊರಿನ ಮಹಾಯೋಜನೆಯ ಕರಡು ಪ್ರಕಟವಾದಾಗ ಸಾರ್ವಜನಿಕರು ಆಕ್ಷೇಪಣೆ ಸಲ್ಲಿಸಲು ನಗರ ಮತ್ತು ಗ್ರಾಮಾಂತರ ಯೋಜನಾ ಕಾಯಿದೆಯಲ್ಲಿ ಅರುವತ್ತು ದಿನಗಳ ಅವಕಾಶವಿದೆ. ಪ್ರಕಟಣೆ ಪತ್ರಿಕೆಯ ಒಳಪುಟದಲ್ಲಿ ಚಿಕ್ಕ ಅಕ್ಷರಗಳಲ್ಲಿ, ಸರಕಾರಿ ಕನ್ನಡದಲ್ಲಿ ಬರುತ್ತದೆ. ಬಿ.ಎ. ಓದಿದ ನನಗೇ ಅದನ್ನು ಎರಡು ಸಲ ಓದಬೇಕಾಗುತ್ತದೆ. ಆದರೂ ಓದಬೇಕು. ನಿಮ್ಮ ಮನೆಯ ಮುಂದಿನ ರಸ್ತೆ ಎಷ್ಟು ಅಗಲವಾಗಲಿದೆ, ಮಕ್ಕಳು ಆಡುವ ಬಯಲು ಏನಾಗಲಿದೆ ಎಂಬುದು ಅದರಲ್ಲೇ ಇರುತ್ತದೆ.

ಆಕ್ಷೇಪಣೆಯಿಂದ ಏನು ಪ್ರಯೋಜನ ಎನ್ನುವವರಿಗೆ ಮೈಸೂರೇ ಉತ್ತರ ಕೊಟ್ಟಿದೆ. 2021ರಲ್ಲಿ ಲಲಿತ ಮಹಲ್ ಬಳಿ ಹೆಲಿಕಾಪ್ಟರ್ ಪ್ರವಾಸಕ್ಕಾಗಿ ನೂರಕ್ಕೂ ಹೆಚ್ಚು ಮರಗಳನ್ನು ಕಡಿಯುವ ಯೋಜನೆ ಬಂದಾಗ ಊರಿನವರು ರಾಶಿರಾಶಿ ಆಕ್ಷೇಪಣೆ ಬರೆದರು. ಯೋಜನೆ ಬಿದ್ದುಹೋಯಿತು. ಮರುವರ್ಷ ಚಾಮುಂಡಿ ಬೆಟ್ಟದ ರೋಪ್‌ವೇ ಯೋಜನೆಗೂ ಅದೇ ಗತಿಯಾಯಿತು. ಆದರೆ 2025ರ ಏಪ್ರಿಲ್‌ನಲ್ಲಿ ಹೈದರ್ ಅಲಿ ರಸ್ತೆಯಲ್ಲಿ ರಸ್ತೆ ಅಗಲಿಸಲೆಂದು ನಲ್ವತ್ತು ಮರಗಳನ್ನು ಕಡಿದಾಗ ಪ್ರತಿಭಟನೆ ನಡೆದದ್ದು ಮರಗಳು ನೆಲಕ್ಕುರುಳಿದ ಮೇಲೆ. ಕೇಳಿ ಮಾಡುವುದಕ್ಕೂ ಮಾಡಿ ಹೇಳುವುದಕ್ಕೂ ಇಷ್ಟು ಅಂತರ.

ಕೇಳುವವರಾದರೂ ಯಾರು? ಮೈಸೂರು ಪಾಲಿಕೆಗೆ 65 ವಾರ್ಡುಗಳು. 2020ರ ಜನವರಿಯಲ್ಲಿ ತಸ್ನೀಂ ಅವರು ಆ ಊರಿನ ಮೊದಲ ಮುಸ್ಲಿಂ ಮಹಿಳಾ ಮೇಯರ್ ಆದಾಗ ನಾವು ಇಲ್ಲಿ ಕುಳಿತು ಸಂತೋಷಪಟ್ಟಿದ್ದೆವು. 2023ರ ನವೆಂಬರ್‌ನಲ್ಲಿ ಚುನಾಯಿತ ಸದಸ್ಯರ ಅವಧಿ ಮುಗಿಯಿತು. ನಂತರ ಸಕಾಲದಲ್ಲಿ ಚುನಾವಣೆ ನಡೆಯದೆ ಆಡಳಿತ ಅಧಿಕಾರಿಗಳ ಕೈಗೆ ಹೋಯಿತು. ಬೀದಿದೀಪ ಕೆಟ್ಟರೆ ಯಾರ ಮನೆಯ ಬಾಗಿಲು ತಟ್ಟಬೇಕು ಎಂದು ಗೊತ್ತಿಲ್ಲದ ಕಾಲದಲ್ಲಿ, ಶತಮಾನ ಕಂಡ ಮಾರುಕಟ್ಟೆಯ ಭವಿಷ್ಯವನ್ನು ತೀರ್ಮಾನಿಸುವುದು ನನಗೆ ಸರಿಯೆನಿಸುವುದಿಲ್ಲ.

ನನ್ನ ಅಭಿಪ್ರಾಯ ಕೇಳಿದರೆ, ಉಳಿಸಬಹುದಾದಷ್ಟನ್ನು ಉಳಿಸಬೇಕು. ಅಪಾಯವಿರುವ ಭಾಗಕ್ಕೆ ಬೇಲಿ ಹಾಕಬೇಕು. ಮರಳಿ ಬರುವ ಹಕ್ಕನ್ನು ಕಾಗದದಲ್ಲಿ ಬರೆದುಕೊಡದೆ ಒಬ್ಬನೇ ಒಬ್ಬ ವ್ಯಾಪಾರಿಯನ್ನೂ ಎಬ್ಬಿಸಬಾರದು. ನಾದಿನಿಯ ಪತಿ ಇದನ್ನು ಮೇಷ್ಟರ ಮಾತು ಎಂದು ನಕ್ಕರು.

ಹೊರಡುವ ಹಿಂದಿನ ರಾತ್ರಿ ನಾದಿನಿಯ ಮಗಳು ಪಾಲಿಕೆಯ ಆಯುಕ್ತರಿಗೆ ಒಂದು ಅರ್ಜಿ ಬರೆಯಲು ಕುಳಿತಳು. ಭಾಷೆ ತಿದ್ದುವ ಕೆಲಸ ನನ್ನದು. ತಾತ್ಕಾಲಿಕ ಮಾರುಕಟ್ಟೆ ಎಲ್ಲಿ, ಎಷ್ಟು ತಿಂಗಳು ಎಂದು ಮೊದಲೇ ತಿಳಿಸಬೇಕು. ಹೊರಗೆ ಕುಳಿತು ಮಾರುವವರ ಹೆಸರನ್ನೂ ಪಟ್ಟಿಗೆ ಸೇರಿಸಬೇಕು. ನಕ್ಷೆಯನ್ನು ಮಾರುಕಟ್ಟೆಯ ಬಾಗಿಲಲ್ಲೇ ಕನ್ನಡದಲ್ಲಿ ತೂಗುಹಾಕಬೇಕು. ಎರಡು ಪ್ರತಿ ಮಾಡಿ ಒಂದರ ಮೇಲೆ ಸ್ವೀಕೃತಿಯ ಮೊಹರು ಹಾಕಿಸಿಕೊಳ್ಳಲು ಮರೆಯಬೇಡ ಎಂದೆ. ತಂದೆ ಕನ್ನಡಕ ಏರಿಸಿ ಓದಿ, ವಯರಿಂಗ್ ಬಗ್ಗೆ ಒಂದು ಸಾಲು ಸೇರಿಸಲು ಹೇಳಿದರು. ಖಾಲಾ ಮಾತ್ರ ಪಾಯಿಖಾನೆಯ ವಿಷಯ ಮೂರನೆಯ ಸಾಲಿನಲ್ಲಿದೆ, ಅದು ಮೊದಲು ಬರಬೇಕು ಎಂದು ಪಟ್ಟು ಹಿಡಿದರು. ಅವಳು ಹೊಸ ಹಾಳೆ ತೆಗೆದುಕೊಂಡು ಮತ್ತೆ ಮೊದಲಿನಿಂದ ಬರೆದಳು.