ಮೂಲೆಯ ಸೀಟು

ಊರಿನ ಟೀವಿಯಲ್ಲಿ ಸುನಿಲ್ ಛೆಟ್ರಿಯನ್ನ ನೋಡಿ ಅಪ್ಪ ಒಮ್ಮೆ, ‘ಇವನು ಬೆಂಗಳೂರಿಗೇ ಆಡೋದಲ್ವೇನೋ?’ ಅಂತ ಕೇಳಿದ್ದರು. ಈ ಸಲ ಅವರು ನಮ್ಮನೆಗೆ ಬಂದಾಗ ಕಂಠೀರವದಲ್ಲಿ ಬೆಂಗಳೂರು ಎಫ್‌ಸಿ ಮ್ಯಾಚ್ ಇತ್ತು. ಸೀಟು ಆರಿಸೋಕೆ ಕೂತೆ.

ಕಂಠೀರವದಲ್ಲಿ ಸೀಟು ಆರಿಸೋದು ಸಿನಿಮಾ ಟಿಕೆಟ್‌ನಷ್ಟು ಸುಲಭ ಅಲ್ಲ. ಆಟಕ್ಕೂ ನಮಗೂ ಮಧ್ಯೆ ಎಂಟು ಲೇನಿನ ಅಥ್ಲೆಟಿಕ್ಸ್ ಟ್ರ್ಯಾಕ್, ಅಂದ್ರೆ ಹತ್ತಿರ ಹತ್ತಿರ 10 ಮೀಟರ್. ಗೋಲಿನ ಹಿಂದೆ ಟ್ರ್ಯಾಕ್ ಬಾಗೋದರಿಂದ ಅಂತರ ಇನ್ನೂ ಜಾಸ್ತಿ. ಕೆಳಗಿನ ಸಾಲಲ್ಲಿ ಕೂತರೆ ಯಾರ ಹಿಂದೆ ಯಾರಿದ್ದಾರೆ ಅನ್ನೋದೇ ಗೊತ್ತಾಗಲ್ಲ. ಮೈದಾನದ ನಡುಗೆರೆಯ ನೇರಕ್ಕೆ, ಎತ್ತರದಲ್ಲಿ ಕೂತರೆ ಪಾಸು, ಆಫ್‌ಸೈಡು ಎಲ್ಲ ಸ್ಪಷ್ಟ. ಗೆಳೆಯರ ಜೊತೆ ಹೋದರೆ ನಾನು ವೆಸ್ಟ್ ಬ್ಲಾಕ್. ಅಲ್ಲಿ 90 ನಿಮಿಷವೂ ನಿಂತು ಕೂಗೋದೇ.

ಆದರೆ ಅಪ್ಪನ ಮೊಣಕಾಲಿಗೆ ಮೆಟ್ಟಿಲು ಆಗಲ್ಲ. ಶುಗರ್ ಬೇರೆ, ಗಂಟೆಗೊಮ್ಮೆ ಎದ್ದು ಹೋಗಬೇಕು. ಅವರು ಬಾಯಿಬಿಟ್ಟು ಹೇಳಿದವರಲ್ಲ; ಬಸ್ ಹತ್ತೋ ದಿನ ನೀರು ಕುಡಿಯೋದೇ ನಿಲ್ಲಿಸ್ತಾರೆ ಅಂತ ಅಮ್ಮ ಹೇಳಿದ್ದು. ಹಾಗಾಗಿ ಮೂಲೆಯ ಕಡೆ, ಸಾಲಿನ ತುದಿಯಲ್ಲಿ, ಶೌಚಾಲಯಕ್ಕೆ ಹತ್ತಿರದ ಎರಡು ಸೀಟು ಹಿಡಿದೆ. ಕಬ್ಬನ್ ಪಾರ್ಕ್ ಮೆಟ್ರೋದಿಂದ ನಡೆಸೋದು ಬೇಡ, ಆಟೋ. ಮುಗಿದ ಮೇಲೆ ಜನ ಖಾಲಿಯಾಗೋವರೆಗೆ ಕೂತೇ ಇರೋದು.

ಇಷ್ಟೆಲ್ಲ ಲೆಕ್ಕ ಹಾಕುವಾಗ ಊರಿನ ಬಯಲಾಟ ನೆನಪಾಯ್ತು. ಸಂಜೆಯೇ ಹೋಗಿ ಕಂಬಳಿ ಹಾಸಿ ಜಾಗ ಹಿಡಿಯೋರು ಅಪ್ಪ. ಬೇರೆ ಮಕ್ಕಳೆಲ್ಲ ರಂಗದ ಮುಂದೆ. ನಮ್ಮ ಕಂಬಳಿ ಮಾತ್ರ ಯಾವಾಗಲೂ ಹಿಂದೆ, ದಾರಿ ಪಕ್ಕ. ನಾನು ಮುಖ ಊದಿಸಿದರೆ, ‘ಮುಂದೆ ಸಿಗಲಿಲ್ಲ ಮಗ’ ಅನ್ನೋರು. ನಡುರಾತ್ರಿ ನಿದ್ದೆ ಹೋದ ನನ್ನನ್ನ ಹೆಗಲಿಗೆ ಹಾಕ್ಕೊಂಡು, ಯಾರನ್ನೂ ತುಳಿಯದೆ ಎದ್ದು ಹೋಗೋಕೆ ಆ ಜಾಗ ಅಂತ ಹೊಳೆಯೋಕೆ ಸೀಟಿನ ನಕ್ಷೆ ಮುಂದೆ ಕೂರಬೇಕಾಯ್ತು.

ಮ್ಯಾಚ್ ದಿನ ಅಪ್ಪ ಎರಡು ಸಲ ಸದ್ದಿಲ್ಲದೆ ಎದ್ದು ಹೋಗಿ ಬಂದರು. ಆಮೇಲೆ ಆ ಕಡೆ ತುದಿಯಲ್ಲಿ ಗೋಲ್ ಆಯ್ತು. ಇಡೀ ಸ್ಟೇಡಿಯಂ ಎದ್ದು ನಿಂತಿತು.

‘ಯಾರೋ ಹೊಡೆದದ್ದು?’

‘ಕಾಣಲಿಲ್ಲಪ್ಪ.’

‘ಇಷ್ಟು ದೂರ ಬಂದು ಮೂಲೇಲಿ ಕೂರೋದಾ? ನಡುವೆ ತಗೋಬಾರದಿತ್ತಾ?’

‘ಸಿಗಲಿಲ್ಲಪ್ಪ’ ಅಂದೆ.